ಅಡ್ಡಕೋಲು ಮತ್ತೆ ಬಿತ್ತು

"ಮತ್ತೆ ಬಿತ್ತು!" ಅಪ್ಪ ಪಡಸಾಲೆಯಿಂದ ಗುಡುಗಿದರು.

ಪಂಜರದ ತಳದಲ್ಲಿ ಅಡ್ಡಕೋಲು ಬಿದ್ದಿತ್ತು. ಅದರ ಪಕ್ಕದಲ್ಲಿ ಮಾನ ಹೋದ ಮುಖ ಮಾಡಿಕೊಂಡು ಗಿಣಿ ಕೂತಿತ್ತು. ಅಡುಗೆಮನೆಯಲ್ಲಿದ್ದ ಮಗಳಿಗೆ ಮಾತ್ರ ಹಿಗ್ಗೋ ಹಿಗ್ಗು. ಅಡ್ಡಕೋಲು ಬಿತ್ತೆಂದರೆ ಬಡಗಿ ಬರುತ್ತಾನೆ.

ಅಪ್ಪ ನಿವೃತ್ತ ವ್ಯಾಯಾಮದ ಮೇಷ್ಟರು. ಅವರು ಸೀಟಿ ಊದಿದರೆ ಬೀದಿನಾಯಿಗಳೂ ಸಾಲಾಗಿ ನಿಲ್ಲುತ್ತವೆಂದು ಪ್ರತೀತಿ. ಅಂಥವರ ಎದುರು ಪ್ರೀತಿ ಗೀತಿ ಎಂದು ಬಾಯಿಬಿಡುವ ಗುಂಡಿಗೆ ಮಗಳಿಗಿರಲಿಲ್ಲ. ಬಡಗಿಗಂತೂ ಕೇಳಲೇಬೇಡಿ. ಪಾಪ, ಅವರಿಬ್ಬರು ಒಬ್ಬರಿಗೊಬ್ಬರೂ ಇನ್ನೂ ಹೇಳಿಕೊಂಡಿರಲಿಲ್ಲ.

ಹೊಸ ಪಂಜರ ಕೊಂಡುಬಿಡಿ ಎಂದ ಪಕ್ಕದ ಮನೆಯವರ ಮೇಲೆ ಅಪ್ಪ ರೇಗಿದ್ದರು. ರಿಪೇರಿಯೇ ಆಗಬೇಕು, ಈ ಬಡಗಿಯೇ ಮಾಡಬೇಕು. ಮೇಷ್ಟರ ಹಟ ಎಂದರೆ ಹಟ.

ಬಡಗಿ ಬಂದ. "ಮರದ ಧೂಳು ನನಗಾಗಲ್ಲ" ಎಂದು ಗೊಣಗುತ್ತಾ ಅಪ್ಪ ಎಂದಿನಂತೆ ಪತ್ರಿಕೆ ಹಿಡಿದು ಹೊರಗೆ ಹೋದರು, ಬಾಗಿಲೆಳೆದುಕೊಂಡರು.

ಬಡಗಿ ಸೀಬೆಯ ಕೊಂಬೆ ತಂದಿದ್ದ. ಗಿಣಿಯ ಕಾಲು ಜಾರಬಾರದೆಂದು ತೊಗಟೆ ಉಳಿಸಿದ್ದ. ಊಟದ ಬಟ್ಟಲಿಗೆ ಹಿಕ್ಕೆ ಬೀಳದಂತೆ ಕೋಲನ್ನು ಒಂದು ಪಕ್ಕಕ್ಕೆ ಕೂರಿಸಿದ. ಆಮೇಲೆ ಹಲ್ಲು ಕಚ್ಚಿ ಕೋಲಿನ ತುದಿಯ ನಟ್ಟು ಬಿಗಿದ. ಆಹಾ, ಏನು ನಟನೆ ಎಂದುಕೊಂಡಳು ಮಗಳು. ಬೇಕೆಂದೇ ಸಡಿಲ ಬಿಟ್ಟು ಹೋಗುವ ಕಳ್ಳ, ಮುಖದ ಮೇಲೆ ಬೆವರು ಬೇರೆ!

"ನಿಮ್ಮ ಕೈಚಳಕಕ್ಕೆ ಸಾಟಿ ಇಲ್ಲ ಬಿಡಿ," ಎಂದಳು.

"ನಂದೇನಿದೆ? ಎಲ್ಲಾ ನಿಮ್ಮ ಕೈಗುಣ," ಎಂದ ಅವನು, ಸಡಿಲಿಸುವವಳು ಇವಳೇ ಎಂದುಕೊಂಡು.

ಇಬ್ಬರೂ ಕಿಸಕ್ಕನೆ ನಕ್ಕರು. ಬಾಗಿಲು ದಢಾರನೆ ತೆರೆಯಿತು.

"ಸಾಕಾಯ್ತು!" ಅಪ್ಪ ಅಬ್ಬರಿಸಿದರು. "ಈ ಗಿಣೀನ ನಾಳೆನೇ ನಿಮ್ಮತ್ತೆ ಮನೆಗೆ ಕಳಿಸ್ತೀನಿ. ಪಂಜರಾನೂ ಬೇಡ, ಬಡಗೀನೂ ಬೇಡ!"

ಮಗಳು ಪಂಜರಕ್ಕೆ ಅಡ್ಡ ನಿಂತಳು. ಗಿಣಿ ಹೋದರೆ ಇವನು ಈ ಹೊಸ್ತಿಲು ತುಳಿಯಲು ಇನ್ನಾವ ನೆಪ? ಮನೆಯ ಕುರ್ಚಿ, ಮೇಜು, ಕಿಟಕಿಗಳೆಲ್ಲ, ದರಿದ್ರದವು, ಗಟ್ಟಿಮುಟ್ಟಾಗಿದ್ದವು.

"ಇಲ್ಲಾಂದ್ರೆ ಈಗಲೇ ಹೇಳಿ. ನಟ್ಟು ಸಡಿಲ ಮಾಡ್ತಿರೋದು ಯಾರು?"

"ನಾನೇ ಅಪ್ಪಾ!"

"ನಾನೇ ಯಜಮಾನ್ರೇ!"

ಎರಡು ಉತ್ತರಗಳೂ ಒಟ್ಟಿಗೇ ಬಂದವು.

"ಯಾಕೆ?"

"ಇವ್ರು ಬರ್ಲಿ ಅಂತ," ಎಂದಳು ಮಗಳು.

"ಇವ್ರನ್ನ ನೋಡ್ಬೇಕು ಅಂತ," ಎಂದ ಬಡಗಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಡಗಿಯ ಕೈಯಿಂದ ಸ್ಪ್ಯಾನರ್ ಜಾರಿತು. ಮಗಳ ಮನಸ್ಸು ಕುಣಿಯುತ್ತಿತ್ತು. ಹೇಳಿಬಿಟ್ಟನಲ್ಲ! ಅದೂ ಅಪ್ಪನ ಎದುರು!

ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಪ್ಪು ಮಾಡಿದ ಹುಡುಗರ ಸುತ್ತ ಮೈದಾನದಲ್ಲಿ ಬರುತ್ತಿದ್ದಂತೆ, ಅವರಿಬ್ಬರ ಸುತ್ತ ಒಂದು ಸುತ್ತು ಬಂದರು. ಮೀಸೆ ಅದುರುತ್ತಿತ್ತು. ಕೋಪಕ್ಕೋ ಏನೋ, ತಿಳಿಯಲಿಲ್ಲ.

"ಇಬ್ಬರೂ ಸುಳ್ಳುಬುರುಕರು!" ಎಂದರು. "ಅದೇನು ಅಷ್ಟು ಬಿಗೀತೀರಿ ಅಳಿಯಂದ್ರೇ, ಸಡಿಲಿಸಿ ಸಡಿಲಿಸಿ ನನ್ನ ಬೆರಳೆಲ್ಲ ಬೊಬ್ಬೆ ಬಂದಿದೆ!"