ಸೂಜಿಯಲ್ಲಿ ಬಂದ ಅಪ್ಪಣೆ

ಬಡಗಿ ಮಾಡಿದ ಬಾಗಿಲೊಂದು ಎಷ್ಟು ಎತ್ತರವೆಂದರೆ, ಮೋಡವೊಂದು ತಲೆ ಬಗ್ಗಿಸದೆ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತಿತ್ತು. ಇದನ್ನವನು ನರ್ಸಿಗೆ ಆಣೆ ಇಟ್ಟು ಹೇಳುತ್ತಿದ್ದಾಗಲೇ ಮಗಳ ತೋಳಿಗೆ ಸೂಜಿ ಇಳಿಯಿತು.

ಮಗಳಿಗೆ ಒಂಬತ್ತು ತುಂಬಿತ್ತು. ಐದು ವರ್ಷದ ಮಕ್ಕಳ ಅಂಗಿಯೂ ಅವಳಿಗೆ ದೊಗಳೆ. ಅವನು ಸುತ್ತದ ಆಸ್ಪತ್ರೆಯಿಲ್ಲ, ಕಾಲು ಹಿಡಿಯದ ಡಾಕ್ಟರಿಲ್ಲ.

ಇಲ್ಲಿಯ ಡಾಕ್ಟರಮ್ಮ ಮಾತ್ರ ಬಿಡಿಸಿ ಹೇಳಿದ್ದರು. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿ. ಬೆಳೆಸುವ ಹಾರ್ಮೋನು ಅದರೊಳಗೆ. ಮೇಲಿನಿಂದ ಮಿದುಳು ‘ಬಿಡು’ ಎಂದು ಅಪ್ಪಣೆ ಕಳಿಸಿದರೆ ಮಾತ್ರ ಅದು ಬಿಡುತ್ತದೆ. ಸೂಜಿಯಲ್ಲಿರುವುದು ಪ್ರಯೋಗಾಲಯದಲ್ಲಿ ತಯಾರಿಸಿದ ಅಂಥದೇ ಅಪ್ಪಣೆ. ಗ್ರಂಥಿ ಅದಕ್ಕೆ ಓಗೊಡುತ್ತದೋ ಇಲ್ಲವೋ, ರಕ್ತ ಹೇಳುತ್ತದೆ.

ತಿಂಗಳಿಂದ ತಾಯಿ ಮಗಳು ವಾರ್ಡಿನಲ್ಲೇ. ಗಂಡಸರನ್ನು ಅಲ್ಲಿ ಉಳಿಯಗೊಡುತ್ತಿರಲಿಲ್ಲ. ಇವತ್ತು ಸೂಜಿಯ ಹೊತ್ತಿಗೆಂದು ಒಳಗೆ ಬಿಟ್ಟಿದ್ದರು. ಬಾಗಿಲಿನ ಕಥೆಯಾದ ಮೇಲೆ ಬಡಗಿ ತನ್ನ ಮನೆಯ ಶಿಸ್ತನ್ನು ಹೊಗಳತೊಡಗಿದ. ಅವನ ಚಪ್ಪಲಿ ಸದ್ದಿಗೆ ಗೋಡೆ ಗಡಿಯಾರ ಉಸಿರು ಬಿಗಿಹಿಡಿಯುತ್ತದಂತೆ. ಸೋರುವ ನಲ್ಲಿಯೂ ತೊಟ್ಟಿಕ್ಕುವುದನ್ನು ನಿಲ್ಲಿಸುತ್ತದಂತೆ. ನರ್ಸು ನಕ್ಕಳು. ಹೆಂಡತಿ ನಗಲಿಲ್ಲ. ಮಗಳು ಅಮ್ಮನ ಬೆನ್ನಿಗೆ ಸರಿದಳು.

ವರದಿ ಬಂದ ದಿನ ಡಾಕ್ಟರಮ್ಮ ಅವನೊಬ್ಬನನ್ನೇ ಕರೆದರು. ಹಾರ್ಮೋನು ಧಾರಾಳವಾಗಿ ಬಂದಿದೆ, ಗ್ರಂಥಿಯಲ್ಲಿ ದೋಷವಿಲ್ಲ ಎಂದರು.

ಬಡಗಿ ನೆಲಕ್ಕೆ ಕುಸಿದು ಕೈಮುಗಿದ. “ಹಾಗಾದ್ರೆ ಅದೇ ಸೂಜಿ ದಿನಾ ಹಾಕಿ, ತಾಯೀ. ಉಳಿ, ಗರಗಸ, ಮನೆ, ಎಲ್ಲಾ ಮಾರ್ತೀನಿ. ನನ್ನ ಎತ್ತರಾನೇ ಕುಯ್ದು ಕೊಡ್ತೀನಿ.”

“ಏಳಿ ಮೇಲೆ. ಸೂಜಿ ಬೇಕಾಗಿಲ್ಲ. ವಾರ್ಡಿಗೆ ಬಂದ ಮೇಲೆ ಅವಳಾಗೇ ಬೆಳೀತಿದಾಳೆ. ಹೊಟ್ಟೆ ತುಂಬ ಉಣ್ತಾಳೆ, ಬೆಚ್ಚಿ ಬೀಳದೆ ಮಲಗ್ತಾಳೆ.”

ಬಡಗಿಗೆ ಅರ್ಥವಾಗಲಿಲ್ಲ. ಅಥವಾ ಆಗದಂತೆ ನೋಡಿಕೊಂಡ.

ಬೇರೆ ಕಾಯಿಲೆ ಯಾವುದೂ ಇಲ್ಲವೆಂದು ನೋಡಿಯಾಯಿತು ಎಂದರು ಡಾಕ್ಟರಮ್ಮ. ಮಗು ಹಗಲೂ ರಾತ್ರಿ ಹೆದರಿಕೊಂಡೇ ಬದುಕಿದರೆ ಮಿದುಳು ಆ ಅಪ್ಪಣೆಯನ್ನು ತಡೆಹಿಡಿಯುವುದುಂಟು. ಆಮೇಲೆ ದನಿ ತಗ್ಗಿಸಿದರು. “ಮನೇಲಿ ಅವಳು ಯಾರಿಗೆ ಹೆದರ್ತಾಳೆ?”

ಪಕ್ಕದ ಮನೆಯ ನಾಯಿಗೆ ಎಂದ ಬಡಗಿ. ಆನೆಯಷ್ಟು ದೊಡ್ಡದು. ಬೊಗಳಿದರೆ ಹಂಚು ಹಾರುತ್ತದೆ. ಡಾಕ್ಟರಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಅವನ ಬಾಯಲ್ಲಿ ನಾಯಿ ಕರುವಿನಷ್ಟಾಯಿತು, ಬೆಕ್ಕಿನಷ್ಟಾಯಿತು.

“ನಾಯಿ ಇಲ್ಲ, ತಾಯೀ,” ಎಂದ. “ಅವಳು ಹೆದರೋದು ನನಗೆ.”