ಪೊರೆ ಬಿಡುವ ದಿನ

ಸಿಂಹಾಸನ ಕಳೆದುಕೊಂಡ ಮೇಲೆ ನಾಗಕುಲದ ಹಳೆಯ ರಾಣಿ ಇರುವಂತಿ ಮನುಷ್ಯರ ವಠಾರವೊಂದರಲ್ಲಿ ಬಾಡಿಗೆಗಿದ್ದಳು. ಆವತ್ತು ಅವಳು ಪೊರೆ ಬಿಡುವ ದಿನ. ಅಂಥ ದಿನ ನಾಗರಿಗೆ ಕಣ್ಣು ಕಾಣದು, ಮೈ ಏಳದು. ಪಕ್ಕದ ಮನೆಯ ಸರಸಕ್ಕ ಎಂದಿನಂತೆ ಬಿಸಿನೀರಿಟ್ಟು, ಬಾಗಿಲೆಳೆದುಕೊಂಡು ಹೋಗಿದ್ದಳು.

ಅಂಗಳದಲ್ಲಿ ಗಂಡಸಿನ ದನಿ ಕೇಳಿತು. ಇರುವಂತಿಯನ್ನು ಕೊಲ್ಲಲು ಹೊಸ ಅರಸ ಕಳಿಸಿದ ನಾಗ.

"ಹಳೇ ರಾಣಿ ಯಾವ ಮನೇಲಿದಾಳೆ?"

"ರಾಣಿಯರು ನಮ್ಮ ನಲ್ಲಿ ಸಾಲಲ್ಲಿ ನಿಲ್ತಾರೇನಪ್ಪಾ?" ಎಂದಳು ಸರಸಕ್ಕ.

ಅವನು ಚಪ್ಪಲಿ ಕಳಚಿದ. ಬರಿಗಾಲಲ್ಲಿ ನಿಂತರೆ ನಾಗರಿಗೆ ನೆಲದೊಳಗಿಂದ ಬೇರೆ ನಾಗರ ಎದೆಬಡಿತ ಕೇಳುತ್ತದೆ. ಸರಸಕ್ಕನಿಗೂ ಅದು ಗೊತ್ತಿತ್ತು.

"ಸ್ವಲ್ಪ ಆಚೆ ಸರಿಯಪ್ಪಾ, ಖಾರ ಕುಟ್ಟಬೇಕು. ಕಣ್ಣಿಗೆ ಹಾರೀತು."

ಒರಳಿಗೆ ಒನಕೆ ಬಿತ್ತು. ಎದುರುಮನೆಯವಳೂ ಕುಟ್ಟತೊಡಗಿದಳು, ಆಮೇಲೆ ಮೂಲೆಮನೆಯವಳು. ವಠಾರದ ನೆಲವೆಲ್ಲ ಅದುರಿತು. ಬಂದವನು ಬಹಳ ಹೊತ್ತು ಕಾದು, ಕೊನೆಗೆ ಶಪಿಸುತ್ತ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಒನಕೆಗಳು ಮಾತ್ರ ನಿಲ್ಲಲಿಲ್ಲ.

ಸಂಜೆ ಪೊರೆ ಕಳಚಿ ಕಣ್ಣು ತಿಳಿಯಾದಾಗ ಇರುವಂತಿ ಗೋಡೆ ಹಿಡಿದು ಹೊರಗೆ ಬಂದಳು. ಸರಸಕ್ಕ ಅಂಗೈಗೆ ಬಟ್ಟೆ ಸುತ್ತಿಕೊಂಡು ಇನ್ನೂ ಕುಟ್ಟುತ್ತಿದ್ದಳು. ಒರಳಿನಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.