ಗಾಳಿಗೊಂದು ತೆಂಗಿನಕಾಯಿ

ದೊಡ್ಡ ಗಾಳಿಪಟಕ್ಕೆ ಸೊಂಟ ಕಟ್ಟಿಕೊಂಡು ಅಲೆಗಳ ಮೇಲೆ ಹಾರುವ ಕೈಟ್‌ಸರ್ಫಿಂಗಿಗೆಂದೇ, ಗಾಳಿಯ ಲೆಕ್ಕ ನೋಡಿ ರಜೆ ಹಾಕಿ ಬಂದವನು ಅವನು. ಮೊಬೈಲು ದಿನಾ ಜೋರು ಗಾಳಿಯೆಂದು ತೋರಿಸುತ್ತಿತ್ತು; ದಡದಲ್ಲಿ ಹಿಡಿ ಮರಳೆತ್ತಿ ಬಿಟ್ಟರೆ ನೆಟ್ಟಗೆ ಕಾಲಬುಡಕ್ಕೇ ಬೀಳುತ್ತಿತ್ತು. ಕೂತಲ್ಲಿ ಕೂರಲಾರದೆ, ಇಳಿದುಕೊಂಡಿದ್ದ ಮನೆಯ ಹೆಂಗಸು ದೇವಸ್ಥಾನಕ್ಕೆ ಹೊರಟಾಗಲೆಲ್ಲ ಅವಳ ಕೈಗೊಂದು ತೆಂಗಿನಕಾಯಿ ಕೊಡುತ್ತಿದ್ದ.

“ದೇವರ ಹತ್ರ ಗಾಳಿ ವಿಷಯ ಹೇಳಿದ್ರಾ?”

“ದಿನಾ ಅದೊಂದನ್ನೇ ಹೇಳುದು ಮಾರಾಯ್ರೆ,” ಎನ್ನುತ್ತಿದ್ದಳು, ಕಡಲಿನಿಂದ ಕಣ್ಣು ಕೀಳದೆ.

ರಜೆ ಮುಗಿದು ಅವನು ಚೀಲ ಕಟ್ಟುತ್ತಿದ್ದಾಗ ಮೀನಿನ ದೋಣಿಯೊಂದು ದಡಕ್ಕೆ ಬಂತು. ಅವಳು ಎದ್ದುಬಿದ್ದು ಓಡಿ, ವಾರದ ಬಳಿಕ ನೆಲ ಮೆಟ್ಟಿದ ಗಂಡನನ್ನು ಕೈಹಿಡಿದು ಕರೆತಂದಳು. ಇವನತ್ತ ತಿರುಗಿ ಮೊದಲ ಸಲ ನಕ್ಕಳು.

“ಇನ್ನು ಬರ್ಲಿ ನಿಮ್ಮ ಗಾಳಿ.”